ರಿಸಲ್ಟ್ ಮರುದಿನದ ಪೇಪರ್‌ನಾಗ ಫೇಲಾದವರಿಗೂ ಒಂಚೂರು ಜಾಗ ಕೊಡ್ರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ್ರಿ,

ಯುಗಾದಿ ದಿನ ಪೇಪರ್ ತಗದ್ರ ಪುಟದ ತುಂಬ ಹೊಸ ಆರಂಭ, ಹೊಸ ಚಿಗುರು, ಹೊಸ ಬದುಕು. ರಾಜಕಾರಣಿಗಳ ಶುಭಾಶಯದಾಗೂ ಅದ, ಬಂಗಾರದ ಅಂಗಡಿ ಜಾಹೀರಾತಿನಾಗೂ ಅದ. ಓದಾಕ ಛಲೋನ ಇರ್ತೈತಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಅದಾಗಿ ಒಂದು, ಒಂದೂವರಿ ತಿಂಗಳಿಗೆ ಎಸ್ಸೆಸ್ಸೆಲ್ಸಿ ರಿಸಲ್ಟ್ ಬರ್ತೈತಿ ನೋಡ್ರಿ, ಆವಾಗ ಖರೇನ ಹೊಸದಾಗಿ ಶುರು ಮಾಡಬೇಕಾದ ಹುಡುಗೂರು ಓಣಿಗೆ ನಾಕೈದು ಮಂದಿ ಇರ್ತಾವು, ಅವಕ್ಕ ಶುಭಾಶಯ ಹೇಳವರು ಮಾತ್ರ ಒಬ್ಬರೂ ಸಿಗಂಗಿಲ್ಲ.

ನಂದು ಹಾವೇರಿಯೊಳಗ ಝೆರಾಕ್ಸ್ ಮತ್ತ ಆನ್‌ಲೈನ್ ಅರ್ಜಿ ತುಂಬೋ ಸಣ್ಣ ಅಂಗಡಿ. ಈಗ ಎಲ್ಲಾರ ಕೈಯಾಗ ಮೊಬೈಲ್ ಐತಿ ಖರೆ, ಆದ್ರೂ ರಿಸಲ್ಟ್ ದಿನ ವೆಬ್‌ಸೈಟ್ ಓಪನ್ ಆಗವಲ್ದು ಅಂದಕೂಡ್ಲೆ ಅಂಗಡಿ ಮುಂದ ಜನ ನಿಂತಬಿಡ್ತಾರ. ಪಾಸಾದವರು ಕಲರ್ ಪ್ರಿಂಟ್ ತಗೋತಾರ, ವಾಟ್ಸಪ್ ಸ್ಟೇಟಸ್‌ಗೆ ಫೋಟೊನೂ ಹೊಡ್ಕೋತಾರ. ಫೇಲಾದವರು ‘ಪ್ರಿಂಟ್ ಬ್ಯಾಡ್ರಿ’ ಅಂತಾರ. ಕೆಲವರ ಅಪ್ಪಂದಿರು ಅಲ್ಲೇ, ಎಲ್ಲಾರ ಮುಂದನ, ಮಗಗ ಬೈಯಾಕ ಶುರು ಮಾಡ್ತಾರ, ನಾ ಎದ್ದು ‘ಕಾಕಾ ಒಳಗ ಬರ್ರಿ, ನೀರು ಕುಡೀರಿ’ ಅಂತ ಸುಮ್ಮನ ಮಾಡಬೇಕಾಗ್ತೈತಿ. ಇವರೊಳಗ ಎಷ್ಟೋ ಮಂದಿ ಮತ್ತ ಅಂಗಡಿ ಕಡೆ ಬರೂದು ಪರೀಕ್ಷೆ ಎರಡಕ್ಕ, ಅಂದ್ರ ಫೇಲಾದವರು ಮತ್ತ ಬರಿಯೋ ಪರೀಕ್ಷೆಗೆ, ಹೆಸರು ಕೊಡೋ ತಾರೀಖು ದಾಟಿದ ಮ್ಯಾಲೆ. ‘ಅಣ್ಣಾ, ಇನ್ನೊಮ್ಮಿ ಬರಿಯಾಕ ಬರ್ತೈತೇನು?’ ಬರ್ತಿತ್ತಪಾ, ಹೋದ ವಾರದ ತನಕ ಬರ್ತಿತ್ತು, ಅದೂ ನನ್ನ ಅಂಗಡಿಯಾಗಲ್ಲ, ನಿಮ್ಮ ಸಾಲಿ ಹೆಡ್‌ಮಾಸ್ತರ ಕಡೆ ಹೋಗಬೇಕಿತ್ತು ಅಂತ ಹೇಳೂದ್ರಾಗ ನನಗ ಸಾಕಾಗಿ ಹೋಗ್ತೈತಿ.

2023-24ರಿಂದ ಸರ್ಕಾರದವರು ಸಪ್ಲಿಮೆಂಟರಿ ತಗದು ಪರೀಕ್ಷೆ ಒಂದು, ಎರಡು ಅಂತ ಮಾಡಿದ್ರು. ಮೊದಲು ಮೂರನೇದೂ ಇತ್ತು. ಪಾಸಾದವರೂ ಬೇಕಾದ್ರ ಮಾರ್ಕ್ಸ್ ಜಾಸ್ತಿ ಮಾಡ್ಕೊಳ್ಳಾಕ ಮತ್ತ ಬರೀಬಹುದು, ಯಾವುದರಾಗ ಹೆಚ್ಚು ಬಂದಿರ್ತೈತಿ ಅದನ್ನ ಇಟ್ಕೋಬಹುದು. ಫೇಲಾದವರು ಹೋದ ಸಬ್ಜೆಕ್ಟ್ ಅಷ್ಟ ಬರದ್ರ ಸಾಕು. ಭಾಳ ಛಲೋ ಕೆಲಸ, ಯಾವ ಪಕ್ಷ ಮಾಡಿತು ಅಂತ ನೋಡದ ಹೇಳಾಕತ್ತೀನಿ. ಆದ್ರ ಟೈಮ್ ಭಾಳ ಇರಂಗಿಲ್ರಿ. 2025ರಾಗ ಮೇ 2ಕ್ಕ ರಿಸಲ್ಟ್ ಬಂತು, ಮೇ 26ಕ್ಕ ಪರೀಕ್ಷೆ ಎರಡು ಶುರು ಆತು. ನಡುವಿನ ದಿನದಾಗ ಮೊದಲನೇ ವಾರ ಅಳೂದು, ಬೈಯೂದು, ಊಟ ಬಿಡೂದ್ರಾಗ ಹೋಗ್ತೈತಿ, ಎರಡನೇ ವಾರ ಸಂಬಂಧಿಕರ ಮದುವಿ ಇರ್ತಾವು, ಅಲ್ಲಿ ಹೋದ್ರ ಎಲ್ಲಾರೂ ಕೇಳೂದು ಅದನ್ನ. ಇನ್ನ ಗಣಿತ ಯಾವಾಗ ಕಲೀಬೇಕು ಆ ಕೂಸು?

ಮತ್ತ ಇದು ಒಬ್ರು ಇಬ್ರ ಮಾತಲ್ಲ. 2023ರಾಗ ರಾಜ್ಯದಾಗ ಪಾಸಾದವರು 83 ಪರ್ಸೆಂಟ್ ಮ್ಯಾಲೆ ಇದ್ರು, ಮುಂದಿನ ವರ್ಷ ಪರೀಕ್ಷಾ ಹಾಲಿನಾಗ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಅಂತ ಬಿಗಿ ಮಾಡಿದ್ರು, 2025ಕ್ಕ ಅದು 66ರ ಹತ್ರ ಬಂದು ನಿಂತಿತು. ಕಾಪಿ ನಿಂತಿದ್ದು ಒಳ್ಳೇದ ಆತು. ಆದ್ರ ಮೂವರಾಗ ಒಬ್ಬ ಫೇಲ್ ಅಂದ್ರ ಅದು ನಮ್ಮ ನಿಮ್ಮ ಮನಿ ಸುದ್ದಿನ ಆತಲ್ರಿ.

ನಮ್ಮ ಕಡೆ ರೈತರು ಮುಂಗಾರಿ ಕೈಕೊಟ್ರ ಏನ್ಮಾಡ್ತಾರ? ಗದಗ, ರೋಣ, ನವಲಗುಂದದ ಎರಿ ಹೊಲದಾಗ ಬಿತ್ತಿದ ಹೆಸರು ಮಳಿ ಇಲ್ಲದ ಒಣಗಿ ಹೋದ್ರ, ಇಲ್ಲಾ ಮಳಿ ಹೆಚ್ಚಾಗಿ ಕೊಳತು ಹೋದ್ರ, ಹೊಲ ಹರಗಿ ಹಿಂಗಾರಿಗೆ ಕಡ್ಲಿನೋ ಬಿಳಿಜ್ವಾಳನೋ ಬಿತ್ತತಾರ. ಅವಂಗ ಯಾರರೆ ‘ಎರಡನೇ ಸಲ ಬಿತ್ತಿದವ’ ಅಂತ ನಗತಾರೇನ್ರಿ? ಅದ ರೈತನ ಮಗ ಎರಡನೇ ಸಲ ಪರೀಕ್ಷಾಕ್ಕ ಕುಂತ್ರ ಮಾತ್ರ ಊರ ಕಟ್ಟಿ ಮ್ಯಾಲೆ ಅದ ಸುದ್ದಿ.

ಹುಡುಗರ ಕತಿ ಒಂದು ರೀತಿ, ಗೋವಾಕ್ಕೋ ಬೆಂಗಳೂರಿಗೋ ದುಡಿಯಾಕ ಹೋಗ್ತಾರ, ನಾಕು ವರ್ಷ ಬಿಟ್ಟು ಡ್ರೈವಿಂಗ್ ಅದು ಇದು ಕಲಿತು ಒಂದು ದಾರಿಗೆ ಹತ್ತತಾರ. ಹೆಣ್ಣು ಹುಡುಗೂರದು ಹಂಗಲ್ಲ. ಹಳ್ಳಿಯಾಗ ಹತ್ತನೇತ್ತೆ ಫೇಲ್ ಅಂದಕೂಡ್ಲೆ ‘ಸಾಲಿ ಸಾಕು, ಗಂಡು ನೋಡ್ರಿ’ ಶುರು ಆಗ್ತೈತಿ, ಹದಿನೆಂಟು ತುಂಬೂತನಕ ಬ್ಯಾಡಗಿ ಮೆಣಸಿನಕಾಯಿ ತೊಟ್ಟು ಬಿಡಸಾಕ ಕಳಸ್ತಾರ, ಕೆಲವರು ಹದಿನೆಂಟು ತುಂಬೂದನ್ನೂ ಕಾಯಂಗಿಲ್ಲ. ಮೆಣಸಿನಕಾಯಿ ಕೆಲಸ ಕೀಳು ಅಂತ ಅಲ್ರಿ ನಾ ಹೇಳಾಕತ್ತಿದ್ದು, ಎಷ್ಟೋ ಮನಿ ಅದರಿಂದನ ನಡದಾವು. ಆದ್ರ ಇಂಗ್ಲಿಷಿನಾಗ ನಾಕು ಮಾರ್ಕ್ಸ್ ಕಡಿಮಿ ಬಂದದ್ದಕ್ಕ ಒಂದು ಹುಡುಗಿ ಜೀವನ ತೀರ್ಮಾನ ಆಗಬಾರದು.

ಇನ್ನ ಸಮಾಧಾನ ಹೇಳೂ ಮಂದಿ. ಅವರು ದೊಡ್ಡವರ ಕತಿ ಹೇಳ್ತಾರ. ಗದಗಿನ ಭೀಮಸೇನ ಜೋಶಿಯವರು ಹನ್ನೊಂದನೇ ವಯಸ್ಸಿಗೆ ಗುರು ಹುಡುಕ್ಕೊಂಡು ಮನಿ ಬಿಟ್ಟು ಗ್ವಾಲಿಯರ್, ಕಲಕತ್ತಾ, ಜಲಂಧರ್ ತನಕ ಅಲದ್ರು, ಅವರ ಅಪ್ಪ ಹೋಗಿ ಕರಕೊಂಡು ಬಂದ್ರು, ಕಡೀಕ 1936ರಾಗ ಗುರು ಸಿಕ್ಕಿದ್ದು ಇಲ್ಲೇ ಮಗ್ಗಲ ಕುಂದಗೋಳದಾಗ, ಸವಾಯಿ ಗಂಧರ್ವರು. ನನಗೂ ಈ ಕತಿ ಭಾಳ ಸೇರ್ತೈತಿ. (ಮನಿ ಬಿಟ್ಟು ಓಡಿ ಹೋಗ್ರಿ ಅಂತ ಹೇಳಾಕತ್ತಿಲ್ಲ ಮತ್ತ!) ಆದ್ರ ನಿನ್ನೆ ಫೇಲಾದ ಹುಡುಗಗ ಭಾರತರತ್ನದ ಕತಿ ಹೇಳಿದ್ರ ಅಂವಗ ಇನ್ನಷ್ಟು ಭಾರ ಆಗ್ತೈತಿ. ಅಂವಗ ಬೇಕಾದದ್ದು ನಾಳೆ ಮುಂಜಾನೆ ಯಾವ ಮಾಸ್ತರ ಕಡೆ ಹೋಗಬೇಕು ಅನ್ನೂದು. ಆ ಭೀಮಸೇನ ಜೋಶಿಯವರ ಕತಿಯಾಗೂ ನನಗ ದೊಡ್ಡಾವ ಅನಸೂದು ಅಪ್ಪ. ಹೋಗಿ ಕರಕೊಂಡು ಬಂದ, ಮತ್ತ ಗಾಯನನೂ ಬಿಡಸಲಿಲ್ಲ.

2025ರಾಗ ಬಾಗಲಕೋಟೆಯೊಳಗ ಒಬ್ಬ ಅಪ್ಪ ಅವ್ವ ಫೇಲಾದ ಮಗನ ಕಡೆಯಿಂದ ಕೇಕ್ ಕತ್ತರಿಸಿದ್ದು ನಿಮ್ಮಂಥ ಪೇಪರಿನಾಗ ಎಲ್ಲಾ ಬಂದಿತ್ತು. ಜನ ಕಮೆಂಟಿನಾಗ ನಕ್ಕರು, ನನಗೂ ಮೊದಲು ಕೇಕ್ ಸ್ವಲ್ಪ ಅತಿ ಆತೇನೋ ಅನಿಸ್ತು. ಆದ್ರ ಆ ಹುಡುಗ ಅವತ್ತು ರಾತ್ರಿ ಮನ್ಯಾಗ ನಿಶ್ಚಿಂತಿಂದ ಮಲಗಿರ್ತಾನ, ಅದು ಸಣ್ಣ ಮಾತಲ್ಲ, ಪ್ರತಿ ವರ್ಷ ರಿಸಲ್ಟ್ ಬಂದ ವಾರದಾಗ ನೀವ ಎಂಥೆಂಥಾ ಸುದ್ದಿ ಅಚ್ಚ ಹಾಕಬೇಕಾಗ್ತೈತಿ ಅಂತ ನಿಮಗ ನಾ ಹೇಳಬೇಕಾಗಿಲ್ಲ.

ಹಂಗಂತ ಟಾಪರ್ ಹುಡುಗೂರ ಫೋಟೊ ಹಾಕಬ್ಯಾಡ್ರಿ ಅನ್ನಂಗಿಲ್ಲ, ಅವು ಕಷ್ಟಪಟ್ಟಾವು, ಹಾಕ್ರಿ. ಅದ ಪುಟದಾಗ ಕೆಳಗ ಒಂದು ಚೌಕ ಬಿಡ್ರಿ: ಪರೀಕ್ಷೆ ಎರಡಕ್ಕ ಹೆಸರು ಕೊಡೋ ಕಡೀ ದಿನ ಯಾವುದು, ಉತ್ತರ ಪತ್ರಿಕೆಯ ಸ್ಕ್ಯಾನ್ ಕಾಪಿ ಮತ್ತ ಮರುಮೌಲ್ಯಮಾಪನಕ್ಕ ಎಷ್ಟು ದಿನ ಐತಿ, ಯಾವ ಸಾಲ್ಯಾಗ ಸ್ಪೆಷಲ್ ಕ್ಲಾಸ್ ನಡಸಾಕತ್ತಾರ. ಓದೂದು ಆಗೂದೇ ಇಲ್ಲ ಅನ್ನವರಿಗೆ ಐಟಿಐಯೊಳಗ ವೆಲ್ಡರ್, ಪ್ಲಂಬರ್‌ದಂಥಾ ಕೆಲವು ಟ್ರೇಡಿಗೆ ಎಂಟನೇತ್ತೆ ಪಾಸಾಗಿದ್ರ ಸಾಕು, ಅದನ್ನೂ ಬರೀರಿ, ಇದು ಭಾಳ ಮಂದಿಗೆ ಗೊತ್ತಿಲ್ಲ. ಮನಸ್ಸಿಗೆ ಹಚ್ಕೊಂಡವರಿಗೆ ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098, ಈ ಎರಡು ನಂಬರು ದಪ್ಪ ಅಕ್ಷರದಾಗ ಹಾಕ್ರಿ. ಮತ್ತ ಪರೀಕ್ಷೆ ಎರಡರ ರಿಸಲ್ಟ್ ಬಂದಾಗ ಅದರಾಗ ಪಾಸಾದ ನಾಕು ಹುಡುಗೂರನ್ನ ಒಪ್ಪಿದ್ರ ಮಾತಾಡಿಸಿ ಫೋಟೊ ಹಾಕ್ರಿ, ಆ ದಿನದ ಪೇಪರ್ ನಾ ಜಾಸ್ತಿ ತರಿಸಿ ಅಂಗಡಿಯಾಗ ಇಡ್ತೀನಿ.

ಇಂತಿ,
ಝೆರಾಕ್ಸ್ ಅಂಗಡಿಯವ, ಹಾವೇರಿ