ಹೊದಿಕೆ ಮುಗಿಯಿತು, ಕೆಲವರಿಗೆ ಧನ್ಯವಾದ ಹೇಳಬೇಕು

2024ರ ಹೊದಿಕೆ ಕೊನೆಗೂ ಮುಗಿಯಿತು. ಮೊನ್ನೆ ರಾತ್ರಿ ಕೊನೆಯ ದಾರದ ತುದಿಯನ್ನು ಒಳಗೆ ಸೇರಿಸಿ ಕತ್ತರಿಸಿದೆ. ಮುಗಿಯಬೇಕಾದ ಕಾಲಕ್ಕಿಂತ ತುಂಬಾ ತಡವಾಗಿದೆ, ಯಾಕೆ ಅಂತ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ನಮ್ಮ ಮನೆಯವರ ಕಾಯಿಲೆಯ ಕತೆಯನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಅವರು ಈಗ ಚೆನ್ನಾಗಿದ್ದಾರೆ. ಬೆಳಿಗ್ಗೆ ಒಬ್ಬರೇ ವಾಕಿಂಗ್ ಹೋಗಿ ಬರುತ್ತಾರೆ, ಬರುವಾಗ ಸೊಪ್ಪು ತರುತ್ತಾರೆ.

ಏನಿದು ಹೊದಿಕೆ ಅಂತ ಕೇಳುವವರಿಗೆ ಎರಡು ಮಾತು. ಇದನ್ನು ಟೆಂಪರೇಚರ್ ಬ್ಲಾಂಕೆಟ್ ಅನ್ನುತ್ತಾರೆ. ದಿನಕ್ಕೊಂದು ಸಾಲು ಕ್ರೋಶಾ ಹಾಕಬೇಕು. ಆ ದಿನದ ಗರಿಷ್ಠ ತಾಪಮಾನ ಎಷ್ಟೋ ಅದಕ್ಕೆ ತಕ್ಕ ಬಣ್ಣದ ದಾರ. 2024 ಅಧಿಕ ವರ್ಷ, ಹಾಗಾಗಿ 366 ಸಾಲು. ಒಂದು ಸಾಲು ಸುಮಾರು ಅರ್ಧ ಸೆಂಟಿಮೀಟರ್, ಒಟ್ಟು ಆರಡಿ ಉದ್ದ. ನಾನು ಹಾಕಿದ್ದು ಮಾಸ್ ಸ್ಟಿಚ್, ಅಂದರೆ ಒಂದು ಸಿಂಗಲ್ ಕ್ರೋಶಾ, ಒಂದು ಚೈನ್, ಮುಂದಿನ ಸಾಲಿನಲ್ಲಿ ಆ ಚೈನಿನ ಜಾಗದಲ್ಲಿ ಮತ್ತೆ ಸಿಂಗಲ್ ಕ್ರೋಶಾ. ಕಲಿಯಲು ತೀರಾ ಸುಲಭ, ನೋಡಲು ನೇಯ್ದ ಬಟ್ಟೆಯ ಹಾಗೆ ಕಾಣುತ್ತದೆ.

ಹೊರದೇಶದವರ ಪ್ಯಾಟರ್ನ್‌ಗಳಲ್ಲಿ ಐದೈದು ಡಿಗ್ರಿಗೆ ಒಂದು ಬಣ್ಣ ಇರುತ್ತದೆ. ಅವರಿಗೆ ಹಿಮವೂ ಉಂಟು, ಬೇಸಿಗೆಯೂ ಉಂಟು. ಬೆಂಗಳೂರಿಗೆ ಅದನ್ನೇ ಹಾಕಿದರೆ ವರ್ಷವೆಲ್ಲ ಮೂರೋ ನಾಲ್ಕೋ ಬಣ್ಣದಲ್ಲೇ ಮುಗಿದುಹೋಗುತ್ತದೆ. ಅದಕ್ಕೆ ನಾನು ಎರಡೆರಡು ಡಿಗ್ರಿಗೆ ಒಂದು ಬಣ್ಣ ಇಟ್ಟುಕೊಂಡೆ. 22ಕ್ಕಿಂತ ಕಡಿಮೆ ಇದ್ದರೆ ಗಾಢ ನೀಲಿ, ಆಮೇಲೆ ತಿಳಿನೀಲಿ, ಹಸಿರುಗಳು, ಹಳದಿ, ಕಿತ್ತಳೆ, ಕೆಂಪು, 38 ದಾಟಿದರೆ ಮರೂನ್. ಮರೂನ್ ಬೇಕಾಗುವುದೇ ಇಲ್ಲ ಅಂತ ಅಂಗಡಿಯಲ್ಲಿ ಹೇಳಿದ್ದರು. ಏಪ್ರಿಲ್ 28, ಭಾನುವಾರ, 38.5 ಡಿಗ್ರಿ ಆಯಿತು. 2016ರ ಏಪ್ರಿಲ್‌ನಲ್ಲಿ 39.2 ಆಗಿತ್ತು, ಅದಾದ ಮೇಲೆ ಇಂಥ ಬಿಸಿಲು ಕಂಡಿರಲಿಲ್ಲ. 2024ರ ಏಪ್ರಿಲ್‌ನಲ್ಲಿ ಊರಿಗೆ ಒಂದು ಹನಿ ಮಳೆ ಬರಲಿಲ್ಲ, ಬೋರ್‌ವೆಲ್ ಬತ್ತಿ ಎಷ್ಟೋ ಮನೆಯವರು ಟ್ಯಾಂಕರ್‌ಗೆ ಕಾದು ಕೂತಿದ್ದರು, ನೆನಪಿದೆ ಅಲ್ವಾ? ಹೊದಿಕೆಯಲ್ಲಿ ಆ ತಿಂಗಳು ಪೂರ್ತಿ ಉರಿಯುತ್ತಿದೆ. ಮೇ ಕೊನೆಯವರೆಗೆ ನಾನೊಬ್ಬಳೇ ಹೆಣೆದೆ. ಆಮೇಲೆ ಮನೆಯವರನ್ನು ಆಸ್ಪತ್ರೆಗೆ ಸೇರಿಸಿದೆವು.

ಈಗ ನನ್ನ ಓರಗಿತ್ತಿಯ ಬಗ್ಗೆ ಬರೆಯಬೇಕು.

ತಿಪಟೂರು ಕಡೆಯವಳು. ನನಗಿಂತ ಚಿಕ್ಕವಳು. ನಾವಿಬ್ಬರೂ ಜಗಳ ಆಡಿದವರಲ್ಲ, ಹಾಗಂತ ಮನಸ್ಸು ಬಿಚ್ಚಿ ಮಾತಾಡಿದವರೂ ಅಲ್ಲ. ಹಬ್ಬಕ್ಕೆ ಸೇರುತ್ತಿದ್ದೆವು, ಅಡುಗೆ ಮಾಡುತ್ತಿದ್ದೆವು, ಸೀರೆ ಚೆನ್ನಾಗಿದೆ ಅನ್ನುತ್ತಿದ್ದೆವು, ಅಷ್ಟೇ. ಕ್ರೋಶಾ ಕಡ್ಡಿ ಅವಳು ಕೈಯಲ್ಲೂ ಹಿಡಿದವಳಲ್ಲ.

ಜೂನ್ 2, ಅದೂ ಭಾನುವಾರವೇ. ಮಧ್ಯಾಹ್ನ ಅವಳು ಕ್ಯಾರಿಯರ್‌ನಲ್ಲಿ ಊಟ ತಂದಳು. ಸಂಜೆ ಹೋಗುವುದು ಅಂತ ಇತ್ತು. ಆ ದಿನದ ಮಳೆ ಬೆಂಗಳೂರಲ್ಲಿದ್ದವರಿಗೆಲ್ಲ ನೆನಪಿರುತ್ತದೆ. 111.1 ಮಿಲಿಮೀಟರ್. ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ 1891ರ ದಾಖಲೆ ಮುರಿದು ಹೋಯಿತು. ಎಲ್ಲೆಲ್ಲೂ ಮರ ಬಿದ್ದವು, ಮೆಟ್ರೋ ಹಳಿಯ ಮೇಲೂ ಬಿತ್ತು. ಮೈದುನ ಊರಲ್ಲಿರಲಿಲ್ಲ. ಬರುತ್ತೇನೆ ಅಂದ ನೆಂಟರು ದಾರಿಯಲ್ಲೇ ಸಿಕ್ಕಿಕೊಂಡರು. ಸಂಜೆಯಿಂದ ಮನೆಯವರ ಸ್ಥಿತಿ ಕೈಮೀರುತ್ತಾ ಹೋಯಿತು. ಐಸಿಯು ಹೊರಗಿನ ಕುರ್ಚಿಯಲ್ಲಿ ನಾವಿಬ್ಬರೇ.

ರಾತ್ರಿ ಎರಡೂವರೆ ಸುಮಾರಿಗೆ ಡಾಕ್ಟರ್ ಹೊರಗೆ ಬಂದು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋದರು. ಆಮೇಲೆ ನಾನು ಏನು ಮಾಡುತ್ತಿದ್ದೆ ಅನ್ನುವುದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಫೋನ್ ತೆಗೆದು ಹೆಸರುಗಳನ್ನು ನೋಡುತ್ತಿದ್ದೆ. ಬೆಳಿಗ್ಗೆ ಯಾರಿಗೆ ಮೊದಲು ಹೇಳಬೇಕು, ಮಗಳಿಗೆ ಯಾರು ಹೇಳಬೇಕು, ಅತ್ತೆಯ ಹತ್ತಿರ ಆ ಹೊತ್ತಿಗೆ ಯಾರು ಕೂತಿರಬೇಕು. ಅವರು ಬದುಕಿರುವಾಗಲೇ ನಾನು ಅವರಿಲ್ಲದ ಬೆಳಿಗ್ಗೆಯನ್ನು ಸಿದ್ಧ ಮಾಡುತ್ತಿದ್ದೆ. ಅಳು ಬರಲಿಲ್ಲ. ಕೈ ಮಾತ್ರ ನಿಲ್ಲದೆ ನಡುಗುತ್ತಿತ್ತು.

ಅವಳು ಏನೂ ಕೇಳಲಿಲ್ಲ. ಏನೂ ಆಗಲ್ಲ, ದೇವರಿದ್ದಾನೆ ಅಂತಲೂ ಹೇಳಲಿಲ್ಲ. ಆಸ್ಪತ್ರೆಗೆ ಸೇರಿಸುವ ದಿನ ಏನೂ ತೋಚದೆ ದಾರದ ಚೀಲವನ್ನೂ ಎತ್ತಿಕೊಂಡು ಬಂದಿದ್ದೆ, ಅದು ಕುರ್ಚಿಯ ಕೆಳಗೆ ಹಾಗೇ ಇತ್ತು. ಅದರಿಂದ ಒಂದು ಲಡಿ ತೆಗೆದಳು. "ಅಕ್ಕ, ಕೈ ಕೊಡಿ" ಅಂದಳು. ನನ್ನ ಫೋನನ್ನು ತನ್ನ ಪರ್ಸಿಗೆ ಹಾಕಿಕೊಂಡಳು. ಲಡಿಯನ್ನು ನನ್ನ ಎರಡೂ ಕೈಗೆ ತೊಡಿಸಿ, ತುದಿ ಹುಡುಕಿ, ಉಂಡೆ ಸುತ್ತಲು ಶುರು ಮಾಡಿದಳು.

ಲಡಿ ಹಿಡಿದು ಕೂತವರಿಗೆ ಗೊತ್ತು, ಎರಡೂ ಕೈ ಅಗಲಿಸಿ ಹಿಡಿಯಬೇಕು, ದಾರ ಸಡಿಲ ಆಗಬಾರದು, ಎಳೆಯುವವರ ಲಯಕ್ಕೆ ಕೈಯನ್ನು ಒಂದಿಷ್ಟು ಈ ಕಡೆ, ಒಂದಿಷ್ಟು ಆ ಕಡೆ ವಾಲಿಸುತ್ತಾ ಇರಬೇಕು. ಆಗ ಫೋನ್ ಹಿಡಿಯಲು ಆಗುವುದಿಲ್ಲ. ಯಾರ ಹೆಸರನ್ನೂ ಹುಡುಕಲು ಆಗುವುದಿಲ್ಲ. ಒಂದು ಲಡಿ ಮುಗಿದರೆ ಇನ್ನೊಂದು. ಹಸಿರು, ಹಳದಿ, ಮತ್ತೆ ಹಸಿರು. ನಡುವೆ ಗಂಟಾದರೆ ಅವಳು ಹಲ್ಲಿನಿಂದ ಬಿಡಿಸುತ್ತಿದ್ದಳು. ಒಮ್ಮೆ ನರ್ಸ್ ಬಾಗಿಲು ತೆರೆದಾಗ ನಾನು ಏಳಲು ಹೋದೆ. ಅವಳೇ ಎದ್ದು ಹೋಗಿ ಕೇಳಿ ಬಂದು, ಬೇರೆಯವರನ್ನು ಕರೆದದ್ದು ಅಂದು ಮತ್ತೆ ಸುತ್ತಿದಳು. ಬೆಳಗಾಯಿತು. ಡಾಕ್ಟರ್ ಬಂದು ಬಿಪಿ ಒಂದು ಹದಕ್ಕೆ ಬಂದಿದೆ ಅಂದಾಗಲೂ ನನ್ನ ಕೈಯಲ್ಲಿ ದಾರ ಇತ್ತು. ಆಗ ಅವಳು ಅತ್ತಳು. ಆ ರಾತ್ರಿಯೆಲ್ಲ ಅವಳಿಗೂ ಅಷ್ಟೇ ಭಯ ಇತ್ತು ಅನ್ನುವುದು ನನಗೆ ಅರ್ಥವಾದದ್ದು ಆಗಲೇ. ನಮ್ಮ ಮನೆಯವರನ್ನು ಅವಳು ಮದುವೆಯಾಗಿ ಬಂದಾಗಿನಿಂದ ಭಾವ ಅಂತ ಕರೆದು, ಅಣ್ಣನಂತೆ ಕಂಡವಳು.

ಅಲ್ಲಿಗೇ ನಿಲ್ಲಿಸಲಿಲ್ಲ ಅವಳು. ನಾನು ಹೊದಿಕೆ ಬಿಟ್ಟುಬಿಡುತ್ತೇನೆ ಅಂದಿದ್ದೆ. ಸಾಲು ತಪ್ಪಿ ಹೋಯಿತು, ಇನ್ನು ಯಾರಿಗೆ ಬೇಕು ಅನ್ನಿಸಿತ್ತು. ಅವಳು ವಾದ ಮಾಡಲಿಲ್ಲ. ಜೂನ್ 3ರಿಂದ ತನ್ನ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ, ಪೇಪರ್ ನೋಡಿ ದಿನದ ತಾಪಮಾನ ಬರೆಯತೊಡಗಿದಳು. ಒಂದು ಸಂಜೆ ಫೋನ್ ಮಾಡಿ, "ಅಕ್ಕ, ಪೇಪರಲ್ಲಿ ಮೂರು ಥರ ಕೊಟ್ಟಿದಾರೆ, ಸಿಟಿದು ಬರೀಲಾ, ಎಚ್‌ಎಎಲ್‌ದಾ, ಏರ್‌ಪೋರ್ಟ್‌ದಾ?" ಅಂತ ಕೇಳಿದಳು. ನಾನು ಆಗ ಫಾರ್ಮಸಿ ಕ್ಯೂನಲ್ಲಿದ್ದೆ. ಸಿಟಿದು, ಪ್ಯಾಲೇಸ್ ರಸ್ತೆಯ ಹವಾಮಾನ ಕೇಂದ್ರದ್ದು, ಜನವರಿಯಿಂದ ಅದನ್ನೇ ಹಾಕಿದ್ದೇನೆ ಅಂದೆ. ಅಷ್ಟು ದಿನಗಳಲ್ಲಿ ಕಾಯಿಲೆಗೆ ಸಂಬಂಧವಿಲ್ಲದ ಪ್ರಶ್ನೆಯೊಂದಕ್ಕೆ ಉತ್ತರ ಕೊಟ್ಟದ್ದು ಅದೇ ಮೊದಲು. ಫೋನ್ ಇಟ್ಟ ಮೇಲೂ ಸ್ವಲ್ಪ ಹೊತ್ತು ಚೆನ್ನಾಗಿ ಉಸಿರಾಡಿದೆ.

ಈ ಅಂಕಿಗಳೆಲ್ಲ ಇಂಟರ್ನೆಟ್‌ನಲ್ಲೂ ಸಿಗುತ್ತಿದ್ದವು, ನಿಜ. ಆದರೆ ನಾನು ಹುಡುಕುತ್ತಿರಲಿಲ್ಲ. ಮನೆಯವರು ಡಿಸ್ಚಾರ್ಜ್ ಆಗಿ ಮನೆಗೆ ಬಂದು ಎಷ್ಟೋ ದಿನದ ಮೇಲೆ ಅವಳು ಆ ಕ್ಯಾಲೆಂಡರ್ ಹಾಳೆಗಳನ್ನು ಹರಿದು ತಂದುಕೊಟ್ಟಳು. ಒಂದು ದಿನವೂ ಬಿಟ್ಟಿರಲಿಲ್ಲ. ನಾನು ಮತ್ತೆ ಹುಕ್ ಹಿಡಿದದ್ದು ಆ ಹಾಳೆಗಳನ್ನು ಇಟ್ಟುಕೊಂಡೇ. ಜೂನ್, ಜುಲೈನ ಹಸಿರು ಸಾಲುಗಳನ್ನು ಅವರ ಮಂಚದ ಪಕ್ಕ ಕೂತು ಹಾಕಿದೆ. ಡಿಸೆಂಬರ್ ಶುರುವಿನಲ್ಲಿ ಫೆಂಗಲ್ ಚಂಡಮಾರುತದಿಂದ ಇಲ್ಲೂ ದಿನಗಟ್ಟಲೆ ಜಿನುಗು ಮಳೆ ಬಂತಲ್ಲ, ಆ ಥಂಡಿಯ ನೀಲಿ ಬಂದಾಗ ಇನ್ನೇನು ಅಂಚು ಹತ್ತಿರ ಅಂತ ಖುಷಿಯಾಯಿತು.

ಅಂಚಿಗೆ ಮುಂಚೆ ತುದಿಗಳ ಕೆಲಸ ಇತ್ತು. ಬಣ್ಣ ಬದಲಾದ ಸಾಲಿಗೆಲ್ಲ ಎರಡೆರಡು ತುದಿ. ಸುಮಾರು ಜನ ಗೊಂಡೆ ಕಟ್ಟಿ ಬಿಟ್ಟುಬಿಡುತ್ತಾರೆ. ನನಗೆ ಗೊಂಡೆ ಬೇಡವಾಗಿತ್ತು, ವಾಷಿಂಗ್ ಮೆಷಿನ್‌ನಲ್ಲಿ ಸಿಕ್ಕು ಬೀಳುತ್ತದೆ. ಅಕ್ರಿಲಿಕ್ ದಾರ ಜಾರುತ್ತದೆ, ಸುಮ್ನೆ ಒಂದೇ ದಿಕ್ಕಿಗೆ ಸೇರಿಸಿದರೆ ಎರಡು ಒಗೆತಕ್ಕೆ ಹೊರಗೆ ಬರುತ್ತದೆ. ಹೋಗಿ, ವಾಪಸ್ ಬಂದು, ಮತ್ತೆ ಹೋಗಬೇಕು. ಇದನ್ನು ಓರಗಿತ್ತಿಗೆ ಕಲಿಸಿದೆ. ಭಾನುವಾರ ಮಧ್ಯಾಹ್ನ ಅವಳು ಒಂದು ತುದಿಯಿಂದ, ನಾನು ಇನ್ನೊಂದರಿಂದ. ಅವಳ ಸೂಜಿ ಕೆಲಸ ನನ್ನದಕ್ಕಿಂತ ಅಚ್ಚುಕಟ್ಟು. ಆ ಮಧ್ಯಾಹ್ನಗಳಲ್ಲಿ ನಾವು ಮದುವೆಯಾಗಿ ಬಂದಾಗಿನ ಮಾತುಗಳನ್ನೆಲ್ಲ ಆಡಿದೆವು. ಅವುಗಳನ್ನು ಇಲ್ಲಿ ಬರೆಯುವುದಿಲ್ಲ.

ಅವಳು ಇದನ್ನು ಓದುತ್ತಾಳೆ. ಓದಿ, ಇಷ್ಟೆಲ್ಲ ಯಾಕೆ ಬರೆದ್ರಿ ಅಂತ ಫೋನ್ ಮಾಡುತ್ತಾಳೆ. ನಿನಗೆ ಎದುರಿಗೆ ಹೇಳಲು ಹೋದಾಗಲೆಲ್ಲ ನೀನು ಕಾಫಿ ಇಡಲು ಎದ್ದು ಹೋಗುತ್ತೀಯ, ಅದಕ್ಕೇ ಬರೆದೆ.

ರಕ್ತ ಕೊಟ್ಟ ಆಫೀಸಿನ ಹುಡುಗರು, ಮಗಳನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ಪರೀಕ್ಷೆಗೆ ಓದಿಸಿದ ಎದುರುಮನೆಯವರು, ಕೇಳದೆಯೇ ದುಡ್ಡು ಹಾಕಿದ ಅಣ್ಣ, ರಾತ್ರಿ ಪಾಳಿಯ ನರ್ಸ್‌ಗಳು, ನಿಮಗೆಲ್ಲ ಕೈಮುಗಿಯುತ್ತೇನೆ. ಅಂಚಿನ ಬೂದು ದಾರದ ಅದೇ ಡೈ ಲಾಟ್‌ನದನ್ನು, ಅಂದರೆ ಒಂದೇ ಸಲಕ್ಕೆ ಬಣ್ಣ ಹಾಕಿದ ದಾರವನ್ನು, ಇಷ್ಟು ತಿಂಗಳು ನನಗಾಗಿ ಎತ್ತಿಟ್ಟ ಚಿಕ್ಕಪೇಟೆಯ ಅಂಗಡಿಯವರಿಗೂ ಧನ್ಯವಾದ. ಲಾಟ್ ಬೇರೆ ಆಗಿದ್ದರೆ ನಾಲ್ಕು ಕಡೆಯ ಅಂಚು ಎರಡು ಬಣ್ಣದಲ್ಲಿ ಇರುತ್ತಿತ್ತು.

ಹೊದಿಕೆ ಒಂದೂವರೆ ಕಿಲೋ ಹತ್ತಿರ ತೂಗುತ್ತದೆ. ನೋಡಬೇಕು ಅನ್ನುವವರು ಈ ಭಾನುವಾರ ಬನ್ನಿ, ಮನೆಯಲ್ಲೇ ಇರುತ್ತೇವೆ. ಮರೂನ್ ದಾರ ಜಾಸ್ತಿ ಉಳಿದಿದೆ, ರಾಯಚೂರು, ಕಲಬುರಗಿ ಕಡೆಯವರು ಯಾರಾದರೂ ತಮ್ಮೂರಿನ ಹೊದಿಕೆ ಶುರು ಮಾಡುವುದಿದ್ದರೆ ಹೇಳಿ, ಕಳಿಸಿಕೊಡುತ್ತೇನೆ.