ಆವರ್ತನ ನಿಯಂತ್ರಕಗಳಿಗೆ ನಿಜವಾದ ಜಾಲದ ಪರೀಕ್ಷೆ ಬೇಕು

ಮಾನ್ಯರೇ,

ಬೇಡಿಕೆ ಉತ್ಪಾದನೆಯನ್ನು ಮೀರಿದರೆ ಇಳಿಯುವ, ಉತ್ಪಾದನೆ ಹೆಚ್ಚಾದರೆ ಏರುವ ವಿದ್ಯುತ್ ಜಾಲದ ಆವರ್ತನವನ್ನು 50 ಹರ್ಟ್ಸ್‌ನ ಆಸುಪಾಸಿನಲ್ಲಿ ಹಿಡಿದಿಡುವ ನಿಯಂತ್ರಕಗಳ ಬಗ್ಗೆ ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಾಕಷ್ಟು ಸಂಶೋಧನೆ ನಡೆಯುತ್ತಿದೆ. ಆವರ್ತನದ ವ್ಯತ್ಯಾಸ ನೋಡಿ ಉತ್ಪಾದನೆಯನ್ನು ತಿದ್ದುವ ಪಿಐಡಿ ನಿಯಂತ್ರಕದ ಮೂರು ಗುಣಾಂಕಗಳನ್ನು (ಎಷ್ಟು ತಿದ್ದಬೇಕೆಂದು ನಿರ್ಧರಿಸುವ ಸಂಖ್ಯೆಗಳನ್ನು) ಜೆನೆಟಿಕ್ ಅಲ್ಗಾರಿದಮ್, ಪಾರ್ಟಿಕಲ್ ಸ್ವಾರ್ಮ್ ಮುಂತಾದ ಕಂಪ್ಯೂಟರ್ ಹುಡುಕಾಟದ ವಿಧಾನಗಳಿಂದ ಹುಡುಕಿ, ಎರಡು ವಲಯಗಳ ಕಂಪ್ಯೂಟರ್ ಮಾದರಿ ಜಾಲದಲ್ಲಿ ಬೇಡಿಕೆಯನ್ನು ಶೇ 1ರಷ್ಟು ಏರಿಸಿ, ಆವರ್ತನ ಹಿಂದಿನವರ ಫಲಿತಾಂಶಕ್ಕಿಂತ ಬೇಗ ಸ್ಥಿರವಾಯಿತೆಂದು ತೋರಿಸುವ ಪ್ರಬಂಧಗಳಿಗೆ ಲೆಕ್ಕವಿಲ್ಲ. ಇಂಥ ವಿಧಾನಗಳಿಗೆ ಪ್ರಾಣಿಗಳ ಹೆಸರಿಡುವುದುಂಟು; ಆ ಹೆಸರು ಒಮ್ಮೆ ತೋಳ, ಇನ್ನೊಮ್ಮೆ ತಿಮಿಂಗಿಲ ಎಂದು ಬದಲಾಗುತ್ತದೆಯೇ ಹೊರತು ಮಾದರಿ ಬದಲಾಗುವುದು ಅಪರೂಪ.

ತೊಡಕಿರುವುದು ಆ ಮಾದರಿಯಲ್ಲೇ. ಜಲವಿದ್ಯುತ್ ಘಟಕದ ಉತ್ಪಾದನೆ ಹೆಚ್ಚಿಸಲು ಟರ್ಬೈನಿನ ಗೇಟನ್ನು ಥಟ್ಟನೆ ತೆರೆದರೆ, ಟರ್ಬೈನಿಗೆ ನೀರು ತರುವ ದೊಡ್ಡ ಕೊಳವೆಯಾದ ಪೆನ್‌ಸ್ಟಾಕಿನ ನೀರು ಕೂಡಲೇ ವೇಗ ಪಡೆಯದೆ ಗೇಟಿನ ಬಳಿ ಒತ್ತಡ ಕುಸಿಯುವುದರಿಂದ, ಉತ್ಪಾದನೆ ಮೊದಲು ಕ್ಷಣಕಾಲ ಇಳಿದು ಅನಂತರವಷ್ಟೇ ಏರುತ್ತದೆ. ಉಷ್ಣ ಸ್ಥಾವರದ ಏರಿಕೆಗೂ ನಿಮಿಷಕ್ಕೆ ಇಂತಿಷ್ಟೇ ಎಂಬ ಮಿತಿಯುಂಟು. ನಮ್ಮ ದೇಶದ ದ್ವಿತೀಯ ಹಂತದ (ಅಂದರೆ ಸ್ಥಾವರಗಳ ತಕ್ಷಣದ ಪ್ರತಿಕ್ರಿಯೆಯ ನಂತರ ಆವರ್ತನವನ್ನು 50 ಹರ್ಟ್ಸ್‌ಗೆ ಮರಳಿಸುವ) ನಿಯಂತ್ರಣದಲ್ಲಿ, ಬೇಡಿಕೆ ಮತ್ತು ಉತ್ಪಾದನೆಯನ್ನು ಸರಿದೂಗಿಸುವ ಲೋಡ್ ಡಿಸ್ಪ್ಯಾಚ್ ಕೇಂದ್ರದಿಂದ ಸ್ಥಾವರಕ್ಕೆ ಸಂಕೇತ ಹೋಗುವುದೇ 4 ಸೆಕೆಂಡಿಗೊಮ್ಮೆ. ಸ್ಥಾವರ ಸ್ಪಂದಿಸಲು ಆರಂಭಿಸುವುದಕ್ಕೆ 30 ಸೆಕೆಂಡುಗಳ ಅವಕಾಶವಿದೆ. ಈ ಮಿತಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಸಂಶೋಧಕರೂ ಇದ್ದಾರೆ, ನಿಜ. ಆದರೆ ತೆಗೆದುಕೊಳ್ಳದವರು ಅರ್ಧ ಸೆಕೆಂಡ್ ಉಳಿಸಿದೆವೆಂದು ಹೇಳಿಕೊಂಡರೆ ಅದಕ್ಕೆ ಅರ್ಥವೇನು?

ಹಾಗೆಂದು ಈ ವಿಧಾನಗಳನ್ನೇ ತಳ್ಳಿಹಾಕುವಂತಿಲ್ಲ. ಪಾವಗಡದ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕಿನಂಥವು ಆವರ್ತನದ ಬದಲಾವಣೆಯನ್ನು ನಿಧಾನಗೊಳಿಸುವ, ತಿರುಗುವ ಯಂತ್ರಗಳ ಜಡತ್ವವನ್ನು ಜಾಲಕ್ಕೆ ಕೊಡುವುದಿಲ್ಲವಾದ್ದರಿಂದ, ಸೌರ ವಿದ್ಯುತ್ತಿನ ಪಾಲು ಹೆಚ್ಚಿರುವ ಮಧ್ಯಾಹ್ನ ಅಡಚಣೆಯಾದರೆ ಆವರ್ತನ ಹೆಚ್ಚು ವೇಗವಾಗಿ ಕುಸಿಯುತ್ತದೆ. ಮಧ್ಯಾಹ್ನಕ್ಕೆ ಹೊಂದಿದ ಗುಣಾಂಕ ಸಂಜೆಗೆ ಹೊಂದಬೇಕೆಂದಿಲ್ಲ. ಎರಡೂ ಹೊತ್ತಿಗೆ ಒಗ್ಗುವ ಹೊಂದಾಣಿಕೆಯನ್ನು ಹುಡುಕುವುದಕ್ಕೆ ಈ ಅಲ್ಗಾರಿದಮ್‌ಗಳು ನಿಜಕ್ಕೂ ತಕ್ಕವು.

ಪರೀಕ್ಷೆಗೆ ಸಾಮಗ್ರಿಯ ಕೊರತೆಯೂ ಇಲ್ಲ. 2020ರ ಏಪ್ರಿಲ್ 5ರ ರಾತ್ರಿ 9 ಗಂಟೆಗೆ ದೇಶದಾದ್ಯಂತ ದೀಪ ಆರಿಸಿದಾಗ ಬೇಡಿಕೆ ಸುಮಾರು 31,000 ಮೆಗಾವಾಟ್‌ನಷ್ಟು ಕುಸಿದು ಮತ್ತೆ ಏರಿತು. ಮುಂಚಿತವಾಗಿ ಯೋಜಿಸಿ ಜಲವಿದ್ಯುತ್ ಘಟಕಗಳನ್ನು ಇಳಿಸಿ ಏರಿಸಿದ್ದರಿಂದ ಆವರ್ತನ 49.70 ಮತ್ತು 50.26 ಹರ್ಟ್ಸ್‌ಗಳ ನಡುವೆಯೇ ಉಳಿಯಿತು. ಶೇ 1ರ ಕಲ್ಪಿತ ಏರಿಕೆಯ ಬದಲು ಇಂಥ ದಾಖಲೆಯ ಮೇಲೆ ನಿಯಂತ್ರಕವನ್ನು ಓಡಿಸಿ ನೋಡಬಾರದೇಕೆ? ರಾಜ್ಯದ ಲೋಡ್ ಡಿಸ್ಪ್ಯಾಚ್ ಕೇಂದ್ರವು ಹಳೆಯ ಅಡಚಣೆಗಳ ಸೆಕೆಂಡುವಾರು ದತ್ತಾಂಶವನ್ನು ಕಾಲೇಜುಗಳಿಗೆ ಒದಗಿಸಲಿ. ಯಂತ್ರದ ಮಿತಿಗಳನ್ನು ಸೇರಿಸದ ಪ್ರಬಂಧಗಳನ್ನು ಮಾರ್ಗದರ್ಶಕರು ತಿದ್ದಿ ತರುವಂತೆ ಹಿಂದಿರುಗಿಸಲಿ.

– ನಿವೃತ್ತ ವಿದ್ಯುತ್ ಎಂಜಿನಿಯರ್, ಶಿವಮೊಗ್ಗ