ರಾವಾಗೆಡೆಯ ಬಗ್ಗೆ ಗೆಳೆಯನಿಗೊಂದು ಪತ್ರ

ಪ್ರಿಯ ಶ್ರೀಧರ,

ನಿನ್ನ ಪತ್ರ ತಲುಪಿತು. ಇಂಡೋನೇಷ್ಯಾದಲ್ಲಿ ತಮ್ಮ ಸೇನೆ ನಡೆಸಿದ್ದು ಬರೀ 'ಪೊಲೀಸ್ ಕಾರ್ಯಾಚರಣೆ', ಅಲ್ಲಿ ತಪ್ಪು ನಡೆದಿದ್ದರೆ ಅದು ಕೆಲವು ಕೆಟ್ಟ ಸಿಪಾಯಿಗಳದು ಎಂದು ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿರುವ ನಿನ್ನ ಡಚ್ ಸಹೋದ್ಯೋಗಿ ಹೇಳಿದರೆಂದು ಬರೆದಿದ್ದೀಯೆ. ಡಚ್ ಸರ್ಕಾರವೇ ದಶಕಗಳ ಕಾಲ ಹೀಗೆ ಹೇಳಿಕೊಂಡು ಬಂದಿದ್ದರಿಂದ ಅವರೊಬ್ಬರನ್ನೇ ದೂರಿ ಫಲವಿಲ್ಲ. ಆದರೆ ಆ ವಾದ ದಾಖಲೆಗಳ ಮುಂದೆ ನಿಲ್ಲುವುದಿಲ್ಲ.

ಜಪಾನ್ ಶರಣಾದ ಬೆನ್ನಿಗೇ, 1945ರ ಆಗಸ್ಟ್ 17ರಂದು, ಇಂಡೋನೇಷ್ಯಾದ ನಾಯಕರಾದ ಸುಕರ್ನೊ ಮತ್ತು ಹತ್ತಾ ತಮ್ಮ ದೇಶದ ಸ್ವಾತಂತ್ರ್ಯ ಘೋಷಿಸಿದರು. ಹಿಟ್ಲರನ ಹಿಡಿತದಿಂದ ಆಗಷ್ಟೇ ಬಿಡಿಸಿಕೊಂಡಿದ್ದ ನೆದರ್ಲೆಂಡ್ಸ್ ತನ್ನ ವಸಾಹತನ್ನು ಮರಳಿ ಹಿಡಿಯಲು ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಕಳುಹಿಸಿತು. 1947ರ ಜುಲೈ ಮತ್ತು 1948ರ ಡಿಸೆಂಬರ್‌ನಲ್ಲಿ ಎರಡು ದೊಡ್ಡ ದಾಳಿಗಳು ನಡೆದವು. 1949ರ ಕೊನೆಯಲ್ಲಿ ಅಧಿಕಾರ ಹಸ್ತಾಂತರವಾಗುವಷ್ಟರಲ್ಲಿ ಸುಮಾರು ಒಂದು ಲಕ್ಷ ಇಂಡೋನೇಷ್ಯನ್ನರು ಸತ್ತಿದ್ದರೆಂಬುದು ಸಾಮಾನ್ಯ ಅಂದಾಜು. (ಡಚ್ಚರಿಗಿಂತ ಮೊದಲು ಅಲ್ಲಿ ಇಳಿದ ಬ್ರಿಟಿಷ್ ಪಡೆಯಲ್ಲಿ ಹೆಚ್ಚಿನವರು ನಮ್ಮ ಭಾರತೀಯ ಸಿಪಾಯಿಗಳೇ, 1945ರ ನವೆಂಬರ್‌ನಲ್ಲಿ ಸುರಬಾಯದ ಬೀದಿಗಳಲ್ಲಿ ಅವರೇ ಹೋರಾಡಿದರು. ಈ ಕಥೆಯಲ್ಲಿ ನಾವೂ ಪೂರ್ತಿ ಹೊರಗಿನವರಲ್ಲ.)

1947ರ ಡಿಸೆಂಬರ್ 9ರಂದು ಪಶ್ಚಿಮ ಜಾವಾದ ಕರಾವಾಂಗ್ ಬಳಿಯ ರಾವಾಗೆಡೆ ಎಂಬ ಹಳ್ಳಿಗೆ ಡಚ್ ಪಡೆಯೊಂದು ನುಗ್ಗಿತು. ಅವರು ಹುಡುಕುತ್ತಿದ್ದುದು ಲುಕಾಸ್ ಕುಸ್ತಾರ್ಯೊ ಎಂಬ ಗೆರಿಲ್ಲಾ ನಾಯಕನನ್ನು. ಆತ ಸಿಗಲಿಲ್ಲ, ಆತ ಎಲ್ಲಿದ್ದಾನೆಂದು ಊರಿನವರು ಬಾಯಿ ಬಿಡಲೂ ಇಲ್ಲ. ಗಂಡಸರನ್ನು ಮನೆಗಳಿಂದ ಹೊರಗೆಳೆದು, ಸಾಲಾಗಿ ನಿಲ್ಲಿಸಿ, ಗುಂಡಿಟ್ಟು ಕೊಂದರು. ಸತ್ತವರು 150 ಎಂದು ಡಚ್ಚರು ಹೇಳಿದರೆ, ಊರಿನವರ ಲೆಕ್ಕ 431. ಗಂಡಸರೇ ಉಳಿಯದ ಆ ಊರಿನಲ್ಲಿ ಹೆಂಗಸರೇ ಗುಂಡಿ ತೋಡಿ ತಮ್ಮವರನ್ನು ಮಣ್ಣು ಮಾಡಬೇಕಾಯಿತು.

ನನ್ನನ್ನು ಹೆಚ್ಚು ಕಲಕಿದ್ದು ಆಮೇಲಿನ ಕಡತ. ವಿಶ್ವಸಂಸ್ಥೆಯ ಸಮಿತಿಯೇ ಈ ಕೃತ್ಯವನ್ನು ಉದ್ದೇಶಪೂರ್ವಕ ಮತ್ತು ನಿರ್ದಯವೆಂದು ಕರೆದಿತ್ತು. ಕಾರ್ಯಾಚರಣೆ ನಡೆಸಿದ ಮೇಜರನ ಮೇಲೆ ಮೊಕದ್ದಮೆ ಹೂಡಿದರೆ ಶಿಕ್ಷೆಯಾಗುವುದೆಂದು ಸೇನಾಧಿಪತಿ ಸ್ಪೋರ್‌ಗೆ ತಿಳಿದಿತ್ತು. ಆದರೂ, ಹೊರಗಿನವರ ಆಸಕ್ತಿ ತಗ್ಗಿದೆ ಎಂಬ ಕಾರಣಕ್ಕೆ, ಆತನೂ ಸರ್ಕಾರದ ಮುಖ್ಯ ಅಭಿಯೋಜಕನೂ ಸೇರಿ ಪ್ರಕರಣವನ್ನು ಕೈಬಿಟ್ಟರು. ಇದು ಸಿಟ್ಟಿನ ಭರದಲ್ಲಿ ಬಂದೂಕು ಎತ್ತಿದ ಸಿಪಾಯಿಯ ಕೆಲಸವಲ್ಲ, ಮೇಜಿನ ಮುಂದೆ ಕೂತು ಕಾನೂನು ಬಲ್ಲವರು ತಣ್ಣಗೆ ಮಾಡಿದ ತೀರ್ಮಾನ. ರಾವಾಗೆಡೆಯ ಕೊಲೆಗಳಿಗೂ ಒಂದು ವರ್ಷ ಮೊದಲು ಸುಲವೆಸಿ ದ್ವೀಪದ ದಕ್ಷಿಣದಲ್ಲಿ ಡಚ್ ಸೇನೆಯ ಕ್ಯಾಪ್ಟನ್ ವೆಸ್ಟರ್ಲಿಂಗ್, ಹಳ್ಳಿಗಳನ್ನು ನಸುಕಿನಲ್ಲೇ ಸುತ್ತುವರಿದು, ಜನರನ್ನು ಬಯಲಿಗೆ ತಂದು, ಪಟ್ಟಿಯಲ್ಲಿ ಹೆಸರಿದ್ದವರನ್ನು ವಿಚಾರಣೆಯಿಲ್ಲದೆ ಅಲ್ಲೇ ಕೊಲ್ಲಿಸುತ್ತಿದ್ದ. ಮೇಲಿನವರಿಗೆ ಅದು ಗೊತ್ತಿತ್ತು. ಆತನ ಮೇಲೂ ಎಂದೂ ಮೊಕದ್ದಮೆ ನಡೆಯಲಿಲ್ಲ.

1969ರಲ್ಲಿ ಯೋಪ್ ಹ್ಯೂಟಿಂಗ್ ಎಂಬ ಮಾಜಿ ಡಚ್ ಸೈನಿಕರು ಇಂಡೋನೇಷ್ಯಾದಲ್ಲಿ ತಾವು ಕಂಡದ್ದನ್ನು ಟಿ.ವಿ.ಯಲ್ಲಿ ಹೇಳಿದಾಗ ಇಡೀ ದೇಶ ಸಿಡಿದೆದ್ದಿತು, ಅವರಿಗೆ ಕೊಲೆ ಬೆದರಿಕೆಗಳು ಬಂದವು. ಸರ್ಕಾರ ತರಾತುರಿಯಲ್ಲಿ ವರದಿ ಮಾಡಿಸಿ, ಅಲ್ಲೊಂದು ಇಲ್ಲೊಂದು ಅತಿರೇಕ ನಡೆದಿದ್ದರೂ ಒಟ್ಟಾರೆ ಸೇನೆ ಸರಿಯಾಗಿಯೇ ನಡೆದುಕೊಂಡಿತ್ತು ಎಂದಿತು. ಎರಡು ವರ್ಷಗಳ ನಂತರ ಯುದ್ಧಾಪರಾಧಗಳ ಮೇಲೆ ಮೊಕದ್ದಮೆ ಹೂಡಲು ಕಾಲಮಿತಿಯೇ ಇಲ್ಲವೆಂಬ ಕಾನೂನು ಬಂದಾಗ, ಇಂಡೋನೇಷ್ಯಾದಲ್ಲಿ ತಮ್ಮವರು ಮಾಡಿದ್ದನ್ನು ಅದರಿಂದ ಹೊರಗಿಟ್ಟರು. ನಾಜಿಗಳಿಗೆ ಒಂದು ಅಳತೆ, ತಮಗೆ ಇನ್ನೊಂದು! ಇಷ್ಟನ್ನು ನಿನ್ನ ಸಹೋದ್ಯೋಗಿಗೆ ಖಂಡಿತ ಹೇಳು.

ಕಡೆಗೆ ಬಾಗಿಲು ತೆರೆಸಿದವರು ಡಚ್ ಸರ್ಕಾರದ ಮೇಲೆ ದಾವೆ ಹೂಡಿದ ರಾವಾಗೆಡೆಯ ವಿಧವೆಯರು. 2011ರ ಸೆಪ್ಟೆಂಬರ್‌ನಲ್ಲಿ ಹೇಗ್‌ನ ನ್ಯಾಯಾಲಯ, ಕಾಲಮಿತಿ ಮೀರಿದೆ ಎಂಬ ಸರ್ಕಾರದ ವಾದವನ್ನು ತಳ್ಳಿಹಾಕಿ ಪರಿಹಾರಕ್ಕೆ ಆದೇಶಿಸಿತು. ಒಬ್ಬೊಬ್ಬರಿಗೂ 20,000 ಯೂರೋ ಸಿಕ್ಕಿತು. 2022ರ ಫೆಬ್ರವರಿಯಲ್ಲಿ ಮೂರು ಡಚ್ ಸಂಶೋಧನಾ ಸಂಸ್ಥೆಗಳ ಅಧ್ಯಯನವು, ವಿಚಾರಣೆಯಿಲ್ಲದ ಕೊಲೆ, ಚಿತ್ರಹಿಂಸೆ, ಊರುಗಳಿಗೆ ಬೆಂಕಿಯಿಡುವುದು ಇವೆಲ್ಲ ವ್ಯಾಪಕವಾಗಿದ್ದವು, ಸರ್ಕಾರ, ಸೇನೆ, ನ್ಯಾಯಾಂಗ ಮೂರೂ ತಿಳಿದೇ ಸಹಿಸಿದವು ಎಂದು ತೀರ್ಮಾನಿಸಿತು. ಆಗಿನ ಡಚ್ ಪ್ರಧಾನಿ ರುಟೆ ಅದೇ ದಿನ ಕ್ಷಮೆ ಕೇಳಿದರು.

ಸಾಧ್ಯವಾದರೆ ಆ ವರದಿಯನ್ನು ನಿನ್ನ ಸಹೋದ್ಯೋಗಿಯ ಜೊತೆ ಕುಳಿತು ಓದು. ಅವರು ಏನೆಂದರೆಂದು ನನಗೂ ಬರೆ.

ನಿನ್ನ,
ವೆಂಕಟೇಶ